ಎರೆಸೀಮೆಯ ಮನೆಗೆ ಬರುವ ಹಳೆಯ ಕಾರು



ತೊಗರಿಯ ರಾಶಿ ಮುಗಿದು, ಚೀಲಗಳು ಕಲಬುರಗಿಯ ಮಾರುಕಟ್ಟೆಯನ್ನು ಸೇರಿ, ಅಂಗಡಿಯ ಬಾಕಿಯೂ ಬ್ಯಾಂಕಿನ ಸಾಲವೂ ಸಂದಾಯವಾದ ಬಳಿಕ ಕೈಯಲ್ಲಿ ಒಂದಿಷ್ಟು ಹಣ ನಿಲ್ಲುವ ಜನವರಿ, ಫೆಬ್ರವರಿ ತಿಂಗಳುಗಳಲ್ಲಿ, ಯಡ್ರಾಮಿ, ಜೇವರ್ಗಿ, ಅಫಜಲಪುರ, ಆಳಂದ ಪ್ರಾಂತದ ಅನೇಕ ಮನೆಗಳಲ್ಲಿ, ಹಳೆಯದಾದರೂ ಸರಿ, ಒಂದು ಚಿಕ್ಕ ಕಾರು ಬೇಕೆಂಬ ಮಾತು ಹುಟ್ಟುವುದುಂಟು. ಇದನ್ನು ವಿಲಾಸದ ಬಯಕೆಯೆಂದು ತಳ್ಳಿಹಾಕುವುದು ಅನ್ಯಾಯ. ಯಡ್ರಾಮಿಯು ಜೇವರ್ಗಿಯಿಂದ ಬೇರ್ಪಟ್ಟು ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದ್ದರೂ, ಎದೆನೋವು ಬಂದ ಹಿರಿಯರನ್ನು ಹೃದ್ರೋಗದ ದೊಡ್ಡ ಆಸ್ಪತ್ರೆಗೆ ಒಯ್ಯಬೇಕಾದರೆ ಜೇವರ್ಗಿಯನ್ನು ಹಾಯ್ದು, ಕಟ್ಟಿ ಸಂಗಾವಿಯ ಬಳಿ ಭೀಮಾ ನದಿಯ ಸೇತುವೆಯನ್ನು ದಾಟಿ, ಕಲಬುರಗಿಗೇ ಹೋಗಬೇಕು. ಕೊನೆಯ ಬಸ್ಸು ಹೊರಟುಹೋದ ರಾತ್ರಿಯಲ್ಲಿ ಅಂಗಳದಲ್ಲಿ ನಿಂತಿರುವ ಒಂದು ವಾಹನದ ಬೆಲೆ ಏನೆಂಬುದನ್ನು ಅಂಥ ರಾತ್ರಿಯನ್ನು ಕಳೆದವರೇ ಬಲ್ಲರು.

ಚಿಕ್ಕ ಕಾರು ನಮ್ಮ ದೇಶದ ಮಧ್ಯಮ ವರ್ಗದ ಅಂಗಳಕ್ಕೆ ಬಂದುದು ತೀರ ಹಿಂದಿನ ಕಥೆಯೇನೂ ಅಲ್ಲ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಕೀಲಿಕೈಯನ್ನು ಅದರ ಒಡೆಯನ ಕೈಗೆ ಕೊಟ್ಟರು. 796 ಸಿಸಿಯ, ಮೂರು ಸಿಲಿಂಡರಿನ ಆ ಪುಟ್ಟ ಕಾರಿನ ತಯಾರಿಕೆ ಮೂವತ್ತು ವರ್ಷ ನಡೆದು 2014ರಲ್ಲಿ ನಿಂತಿತು. 1998ರಲ್ಲಿ ಸ್ಯಾಂಟ್ರೋ ಮತ್ತು ಇಂಡಿಕಾ, ತರುವಾಯ ವ್ಯಾಗನ್ ಆರ್, ಆಲ್ಟೊ, ಸ್ವಿಫ್ಟ್, ಐ10 ಎಂದು ಸಂತತಿ ಬೆಳೆಯಿತು. ಇಂದು ನಮ್ಮ ಸೀಮೆಯಲ್ಲಿ ಕೈ ಬದಲಾಗುವ ಕಾರುಗಳಲ್ಲಿ ಹೆಚ್ಚಿನವು ಈ ಕುಲಕ್ಕೇ ಸೇರಿದವು. ಕೆಲವು ಕಲಬುರಗಿಯಲ್ಲೇ ದೊರೆಯುತ್ತವೆ. ಕೆಲವನ್ನು ಸೊಲ್ಲಾಪುರದಿಂದ, ಪುಣೆಯಿಂದ, ಹೈದರಾಬಾದಿನಿಂದ ತರುತ್ತಾರೆ.

ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ಒಂದೇ ಸಂಗತಿ: ನಾವು ಕಾರು ಕೊಳ್ಳುವ ಋತುವು ಕಾರಿನ ಅತ್ಯಂತ ದೊಡ್ಡ ದೋಷವನ್ನು ಮರೆಮಾಡುವ ಋತುವಾಗಿದೆ. ಜನವರಿಯ ತಂಪು ಮುಂಜಾವಿನಲ್ಲಿ ಸೋತ ರೇಡಿಯೇಟರು ಕೂಡ ಆರೋಗ್ಯದಿಂದಿರುವಂತೆ ತೋರುತ್ತದೆ. ಏಸಿಯ ಗುಂಡಿಯನ್ನು ಒತ್ತಿ ನೋಡಬೇಕೆಂದು ಯಾರಿಗೂ ತೋಚುವುದಿಲ್ಲ. ಅದೇ ಕಾರು ಏಪ್ರಿಲ್, ಮೇ ತಿಂಗಳಲ್ಲಿ, ಉಷ್ಣತೆ 42 ಡಿಗ್ರಿಯನ್ನು ಮೀರಿ ಡಾಂಬರು ರಸ್ತೆ ಕುದಿಯುವ ಹೊತ್ತಿನಲ್ಲಿ, ಐದು ಜನರನ್ನು ಹೊತ್ತು ಜೇವರ್ಗಿಯ ಮಾರ್ಗದಲ್ಲಿ ಹೋಗುವಾಗ ಬಾನೆಟ್ಟಿನಡಿಯಿಂದ ಹಬೆಯನ್ನು ಉಗುಳಿ ನಿಲ್ಲುತ್ತದೆ. ಆದುದರಿಂದ ಚಳಿಗಾಲದಲ್ಲಿ ಕೊಳ್ಳುವವನು ಬೇಸಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಪರೀಕ್ಷಿಸಬೇಕು.

ಎಂಜಿನ್ನಿನ ಶೈತ್ಯ ವ್ಯವಸ್ಥೆಯ ವಿಷಯದಲ್ಲಿ ನಮ್ಮ ನೆಲಕ್ಕೇ ವಿಶಿಷ್ಟವಾದ ಒಂದು ತೊಡಕಿದೆ. ಭೀಮಾ ತೀರದ ಈ ಪ್ರದೇಶದ ಹಲವು ಭಾಗಗಳು ಸುಣ್ಣಕಲ್ಲಿನ ನೆಲ. ಶಹಾಬಾದಿನ ಫರ್ಸಿಕಲ್ಲು ಆ ಸುಣ್ಣಕಲ್ಲಿನದೇ ರೂಪ. ಇಂಥ ನೆಲದ ಕೊಳವೆಬಾವಿಯ ನೀರು ಗಡಸು. ಕೂಲಂಟ್ ಎಂಬ ದ್ರವವನ್ನು ಹಾಕಬೇಕಾದ ಜಾಗದಲ್ಲಿ ಉಳಿತಾಯಕ್ಕೆಂದು ಬೋರಿನ ನೀರನ್ನೇ ವರ್ಷಗಟ್ಟಲೆ ಸುರಿದರೆ, ನೀರು ಕಾಸುವ ಹಂಡೆಯ ಒಳಮೈಗೆ ಬಿಳಿಯ ಪದರು ಕಟ್ಟುವಂತೆ ರೇಡಿಯೇಟರಿನ ಸೂಕ್ಷ್ಮ ನಾಳಗಳಲ್ಲಿಯೂ ಸುಣ್ಣ ಕಟ್ಟಿ, ನೀರಿನ ಸಂಚಾರ ಕುಗ್ಗಿ, ಎಂಜಿನ್ನಿನ ತಾಪ ಹೊರಹೋಗುವ ದಾರಿ ಮುಚ್ಚುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ರೇಡಿಯೇಟರಿನ ಮುಚ್ಚಳವನ್ನು ತೆರೆದು ನೋಡಿರಿ. ಬಿಸಿಯಾಗಿರುವಾಗ ತೆರೆದರೆ ಒತ್ತಡದಿಂದ ಚಿಮ್ಮುವ ನೀರು ಮುಖವನ್ನೂ ಕೈಯನ್ನೂ ಸುಡುತ್ತದೆ. ಒಳಗೆ ಹಸಿರು ಅಥವಾ ಕೆಂಪು ಬಣ್ಣದ ಸ್ವಚ್ಛ ಕೂಲಂಟ್ ಇದ್ದರೆ ಹಿಂದಿನ ಒಡೆಯನ ಜಾಗರೂಕತೆಯ ಕುರುಹು. ತುಕ್ಕಿನ ಬಣ್ಣದ ಕೆಸರು ನೀರು ಇದ್ದರೆ, ಅಥವಾ ಕಂಠದ ಸುತ್ತ ಬಿಳಿಯ ಪದರು ಕಂಡರೆ, ಉದಾಸೀನತೆಯ ಕುರುಹು. ಮುಚ್ಚಳ ತೆರೆದಿರುವಂತೆಯೇ ಎಂಜಿನ್ನನ್ನು ಚಾಲೂ ಮಾಡಿಸಿದಾಗ ನೀರಿನಲ್ಲಿ ಗುಳ್ಳೆಗಳು ಎಡೆಬಿಡದೆ ಏಳುತ್ತಲೇ ಇದ್ದರೆ, ಸಿಲಿಂಡರಿನ ಹೊಗೆ ನೀರಿನ ದಾರಿಗೆ ನುಗ್ಗುತ್ತಿದೆಯೆಂದು, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ಶಂಕಿಸಬೇಕು. ಹಿಂದೊಮ್ಮೆ ಎಂಜಿನ್ ಅತಿಯಾಗಿ ಕಾಯ್ದು, ಅಲ್ಯೂಮಿನಿಯಮ್ಮಿನ ಹೆಡ್ ಡೊಂಕಾಗಿದ್ದರೆ ಹೀಗಾಗುವುದು. ಆಯಿಲ್ ಸುರಿಯುವ ಮುಚ್ಚಳದ ಒಳಬದಿಯಲ್ಲಿ ಬೆಳ್ಳನೆಯ ನೊರೆಜಿಡ್ಡು ಮೆತ್ತಿಕೊಂಡಿದ್ದರೆ ನೀರೂ ಆಯಿಲೂ ಬೆರೆಯುತ್ತಿರುವುದರ ಸೂಚನೆಯಿರಬಹುದು. ಆದರೆ ಸಣ್ಣ ದೂರವಷ್ಟೇ ಓಡಿದ ಗಾಡಿಯಲ್ಲಿ ಚಳಿಗಾಲದ ತೇವವೇ ಅದಕ್ಕೆ ಕಾರಣವಾಗಿರುವುದೂ ಉಂಟಾದುದರಿಂದ, ಅದೊಂದನ್ನೇ ನೋಡಿ ತೀರ್ಪು ಕೊಡಲಾಗದು.

ಇಷ್ಟಾದ ಮೇಲೆ, ರೇಡಿಯೇಟರಿನ ಮುಚ್ಚಳವನ್ನು ಮತ್ತೆ ಭದ್ರವಾಗಿ ಮುಚ್ಚಿ, ಏಸಿಯನ್ನು ಪೂರ್ತಿ ಹಾಕಿ, ಕಾರನ್ನು ನಿಂತಲ್ಲಿಯೇ ಇಪ್ಪತ್ತು ನಿಮಿಷ ಓಡಗೊಡಬೇಕು. ಮಾರುವವರು ಇದಕ್ಕೆ ಬೇಸರಪಡಬಹುದು, ಪಡಲಿ. ಮುಂದಿನ ಫ್ಯಾನು ತಾನಾಗಿ ತಿರುಗತೊಡಗಿ, ತಾನಾಗಿ ನಿಲ್ಲುವುದೇ ಎಂಬುದನ್ನು ನೋಡಿರಿ. ಏಸಿ ನಡೆಯುವಾಗ ಫ್ಯಾನು ತಿರುಗುವುದು ಸಹಜವಾದುದರಿಂದ, ಬಳಿಕ ಏಸಿಯನ್ನು ನಿಲ್ಲಿಸಿಯೂ ಇದನ್ನು ಗಮನಿಸಬೇಕು. ಕೆಲವು ಗ್ಯಾರೇಜುಗಳಲ್ಲಿ ಕೆಟ್ಟ ಸೆನ್ಸಾರನ್ನು ಬದಲಿಸುವುದಕ್ಕೆ ಬದಲಾಗಿ ಫ್ಯಾನಿಗೆ ನೇರವಾಗಿ ತಂತಿ ಕೊಟ್ಟು, ಕೀಲಿ ತಿರುಗಿಸಿದೊಡನೆ ಅದು ಸದಾ ತಿರುಗುವಂತೆ ಮಾಡುವ ರೂಢಿಯಿದೆ. ಥರ್ಮೋಸ್ಟಾಟ್ ವಾಲ್ವನ್ನು ಕಿತ್ತುಹಾಕಿಬಿಡುವ ರೂಢಿಯೂ ಇದೆ. ಇವು ಚಿಕಿತ್ಸೆಯಲ್ಲ, ರೋಗದ ಮೇಲೆ ಹೊದಿಸಿದ ಹೊದಿಕೆ ಮಾತ್ರ. ಈಚಿನ ಹಲವು ಚಿಕ್ಕ ಕಾರುಗಳಲ್ಲಿ ತಾಪವನ್ನು ತೋರಿಸುವ ಮುಳ್ಳೇ ಇಲ್ಲದೆ ಕೆಂಪು ದೀಪವೊಂದೇ ಇರುವುದರಿಂದ, ಮತ್ತು ಆ ದೀಪ ಹೊತ್ತುವ ವೇಳೆಗೆ ಹಾನಿ ಬಹುಮಟ್ಟಿಗೆ ಸಂಭವಿಸಿರುವುದರಿಂದ, ಕೊಳ್ಳುವ ಮೊದಲಿನ ಈ ಪರೀಕ್ಷೆಯನ್ನು ನಾನು ಉಳಿದೆಲ್ಲ ಪರೀಕ್ಷೆಗಳಿಗಿಂತ ಮಿಗಿಲೆಂದು ಭಾವಿಸುತ್ತೇನೆ.

ಎಂಜಿನ್ನಿನ ದೇಹಸ್ಥಿತಿಯನ್ನು ತಿಳಿಯಲು ಬೆಳಗಿನ ಮೊದಲ ಸ್ಟಾರ್ಟಿಗೆ ಸಮನಾದ ಸಾಕ್ಷಿ ಬೇರೊಂದಿಲ್ಲ. ಹೋದೊಡನೆ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿರಿ; ಅದು ಆಗಲೇ ಬೆಚ್ಚಗಿದ್ದರೆ, ನೀವು ಬರುವ ಮುನ್ನ ಗಾಡಿಯನ್ನು ಚಾಲೂ ಮಾಡಿ ಸಿದ್ಧಪಡಿಸಲಾಗಿದೆಯೆಂದು ತಿಳಿದು, ಮರುದಿನ ಬರುವುದಾಗಿ ವಿನಯದಿಂದ ಹೇಳಿ ಹಿಂದಿರುಗುವುದು ಲೇಸು. ರಾತ್ರಿಯೆಲ್ಲ ತಣ್ಣಗೆ ನಿಂತ ಎಂಜಿನ್ನು ಒಂದೆರಡು ಸೆಲ್ಫಿನಲ್ಲಿ ಎದ್ದುಕೊಳ್ಳಬೇಕು. ಆಗ ಒಬ್ಬರು ಒಳಗೆ ಕುಳಿತಿರಲಿ, ಇನ್ನೊಬ್ಬರು ಹಿಂದೆ ನಿಂತು ಸೈಲೆನ್ಸರಿನ ಹೊಗೆಯನ್ನು ನೋಡಲಿ. ಚಳಿಯ ಮುಂಜಾನೆ ತೆಳುವಾದ ಬಿಳಿಯ ಆವಿ ಬಂದು ಕೆಲವು ನಿಮಿಷಗಳಲ್ಲಿ ಇಲ್ಲವಾಗುವುದು ಸಹಜ. ಎಂಜಿನ್ ಕಾಯ್ದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಸಿಲಿಂಡರಿಗೆ ಇಳಿಯುತ್ತಿರುವ ಶಂಕೆ. ನೀಲಿಯ ಛಾಯೆಯ ಹೊಗೆಯು ಆಯಿಲ್ ಉರಿಯುತ್ತಿರುವುದರ ಲಕ್ಷಣವಾಗಿದ್ದು, ಸ್ಟಾರ್ಟ್ ಮಾಡಿದ ಕ್ಷಣದಲ್ಲಿ ಮಾತ್ರ ಬಂದು ಮಾಯವಾದರೆ ದೋಷವು ಬಹುಶಃ ವಾಲ್ವಿನ ಸೀಲುಗಳಿಗೆ ಸೀಮಿತ. ಎಕ್ಸಿಲೇಟರ್ ಒತ್ತಿದಾಗಲೆಲ್ಲ ಬರುತ್ತಿದ್ದರೆ ಪಿಸ್ಟನ್ ರಿಂಗುಗಳೂ ಸಿಲಿಂಡರಿನ ಗೋಡೆಗಳೂ ಸವೆದು, ನಮ್ಮ ಮಿಸ್ತ್ರಿಗಳ ಮಾತಿನಲ್ಲಿ ಗಾಡಿ ಬೋರಿಗೆ ಬಂದಿದೆ. ಹೀಗೆ ಬೋರಿಗೆ ಬರುವುದಕ್ಕೆ ನಮ್ಮ ಕಡೆ ಧೂಳು ಒಂದು ದೊಡ್ಡ ಕಾರಣ. ಬೇಸಿಗೆಯ ಎರೆಹೊಲದ ದಾರಿಗಳಲ್ಲಿಯೂ, ಶಹಾಬಾದ, ವಾಡಿ, ಸೇಡಂ ಕಡೆಯ ಸಿಮೆಂಟಿನ ಲಾರಿಗಳು ಓಡಾಡುವ ಮಾರ್ಗಗಳಲ್ಲಿಯೂ ಏರ್ ಫಿಲ್ಟರು ಬೇಗನೆ ಕಟ್ಟುತ್ತದೆ. ಅದನ್ನು ಬದಲಿಸದೆ, ಹರಿದುದನ್ನೇ ಮತ್ತೆ ಕೂರಿಸಿದರೆ ಸೂಕ್ಷ್ಮ ಧೂಳು ಒಳಸೇರಿ ಸಿಲಿಂಡರನ್ನು ಮರಳುಕಾಗದದಂತೆ ಉಜ್ಜುತ್ತದೆ. ಫಿಲ್ಟರಿನ ಪೆಟ್ಟಿಗೆಯನ್ನು ತೆರೆಯಲು ಒಂದೆರಡು ನಿಮಿಷ ಸಾಕು, ಆದರೂ ಕೊಳ್ಳುವವರಲ್ಲಿ ಅದನ್ನು ತೆರೆದು ನೋಡುವವರು ವಿರಳ.

ಎಂಜಿನ್ ನಡೆಯುತ್ತಿರುವಾಗ ಆಯಿಲ್ ಮುಚ್ಚಳವನ್ನು ತೆಗೆದರೆ ಬಿಸಿಹೊಗೆ ಪುಸುಪುಸನೆ ಒತ್ತಿಕೊಂಡು ಬರುವುದೂ ಬೋರು ಸವೆದುದರ ಗುರುತೇ. ಆಯಿಲ್ ಕಡ್ಡಿಯಲ್ಲಿ ಕಪ್ಪು ಆಯಿಲ್ ಕಂಡಿತೆಂದು ಡೀಸೆಲ್ ಗಾಡಿಯನ್ನು ನಿರಾಕರಿಸಬೇಕಾಗಿಲ್ಲ. ಡೀಸೆಲ್ಲಿನಲ್ಲಿ ಹೊಸ ಆಯಿಲೂ ಬೇಗನೆ ಕಪ್ಪಾಗುತ್ತದೆ. ಪೆಟ್ರೋಲ್ ಗಾಡಿಯಲ್ಲಿ ನಿನ್ನೆಯಷ್ಟೇ ಹಾಕಿಸಿದಂತಿರುವ ತೀರ ಹೊಸ ಆಯಿಲ್ ಕಂಡರೆ, ಸದ್ದಡಗಿಸುವುದಕ್ಕೆ ದಪ್ಪನೆಯ ಆಯಿಲ್ ಹಾಕಿರಬಹುದೆ ಎಂದು ಕೇಳಿಕೊಳ್ಳಬೇಕು. ಮೂರು ಸಿಲಿಂಡರಿನ ಕಾರುಗಳು, ಎಂದರೆ ಮಾರುತಿ 800, ಆಲ್ಟೊ ಮೊದಲಾದವು, ನಿಂತಲ್ಲಿ ಸ್ವಲ್ಪ ನಡುಗುವುದು ಅವುಗಳ ಹುಟ್ಟುಗುಣ. ಆದರೆ ಗೇರಿನ ಕೋಲು, ಡ್ಯಾಶ್‌ಬೋರ್ಡು ಎಲ್ಲವೂ ಅದುರಿದರೆ ಎಂಜಿನ್ ಮೌಂಟಿಂಗಿನ ರಬ್ಬರು ಒಡೆದಿರಬಹುದು. ಮೇಲ್ಭಾಗದ ಹಗುರವಾದ ಟಪ್ಪೆಟ್ ಸದ್ದಿಗೆ ಅಂಜಬೇಕಾಗಿಲ್ಲ. ಕೆಳಗಿನಿಂದ, ವೇಗ ಏರಿದಂತೆ ಏರುವ ಗಡಸು ಬಡಿತ ಕೇಳಿದರೆ ಆ ಕಾರನ್ನು ಅಲ್ಲಿಯೇ ಬಿಟ್ಟು ಬನ್ನಿರಿ.

ಇಲ್ಲಿಯೇ ಟೈಮಿಂಗ್ ಬೆಲ್ಟಿನ ಮಾತನ್ನೂ ಹೇಳಿಬಿಡುತ್ತೇನೆ. ಮಾರುತಿ 800, ಹಳೆಯ ಆಲ್ಟೊ, ಸ್ಯಾಂಟ್ರೋ ಮೊದಲಾದ ಕಾರುಗಳಲ್ಲಿ ವಾಲ್ವುಗಳನ್ನು ಚಾಲಿಸುವುದು ರಬ್ಬರಿನ ಒಂದು ಬೆಲ್ಟು. ಅದನ್ನು ತಯಾರಕರು ಗೊತ್ತುಮಾಡಿದ ದೂರಕ್ಕೆ ಬದಲಿಸಲೇಬೇಕು. ಆಲ್ಟೊ ಕೆ10, ಸ್ವಿಫ್ಟ್ ಡೀಸೆಲ್ ಮುಂತಾದವುಗಳಲ್ಲಿ ಬೆಲ್ಟಿಗೆ ಬದಲು ಚೈನು ಇದೆ. ಬೆಲ್ಟು ಮುನ್ಸೂಚನೆ ಕೊಟ್ಟು ಹರಿಯುವುದಿಲ್ಲ. ಹರಿದಾಗ ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಹೆಡ್ಡೇ ಹಾಳಾಗುತ್ತದೆ. ಬದಲಿಸಿದ ರಸೀದಿ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ಗ್ರಹಿಸಿ, ಆ ವೆಚ್ಚವನ್ನು ಬೆಲೆಯಲ್ಲಿ ಮುರಿದುಕೊಳ್ಳುವುದು ನ್ಯಾಯ.

ಕ್ಲಚ್ಚಿನ ಬಗ್ಗೆ ಪಟ್ಟಣದ ಕಾರಿಗಿಂತ ನಮ್ಮ ಸೀಮೆಯ ಕಾರನ್ನೇ ಹೆಚ್ಚು ಶಂಕೆಯಿಂದ ನೋಡಬೇಕು. ಮಳೆಗಾಲದ ಎರೆಮಣ್ಣಿನಲ್ಲಿ ಗಾಲಿ ಹೂತಾಗ, ಅರ್ಧ ಕ್ಲಚ್ಚಿನಲ್ಲಿ ಎಕ್ಸಿಲೇಟರ್ ಒತ್ತಿ ಗಾಡಿಯನ್ನು ಹಿಂದೆಮುಂದೆ ಆಡಿಸಿ ಎಬ್ಬಿಸುವುದು ಎಲ್ಲರೂ ಮಾಡುವ ಕೆಲಸ. ಒಂದೇ ಮಳೆಗಾಲ ಹೀಗೆ ನಡೆದರೆ ಕ್ಲಚ್ ಪ್ಲೇಟು ಸುಟ್ಟು ಸವೆಯುತ್ತದೆ. ಸಮತಟ್ಟಾದ ಬಯಲಿನಲ್ಲಿ ಹ್ಯಾಂಡ್ ಬ್ರೇಕನ್ನು ಗಟ್ಟಿಯಾಗಿ ಎಳೆದು, ಮೂರನೆಯ ಗೇರಿಗೆ ಹಾಕಿ, ಕ್ಲಚ್ಚನ್ನು ನಿಧಾನವಾಗಿ ಬಿಡುತ್ತ ಬಂದರೆ ಎಂಜಿನ್ನು ಉಸಿರುಗಟ್ಟಿ ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆ. ಎದುರಿಗೆ ಯಾರೂ ನಿಂತಿರದಂತೆ ನೋಡಿಕೊಂಡು, ಒಂದು ಬಾರಿ ಮಾತ್ರ ಇದನ್ನು ಮಾಡಬೇಕು. ಓಡುವಾಗ ಮೂರರಿಂದ ಎರಡನೆಯ ಗೇರಿಗೆ ಇಳಿಸಿದಾಗ ಕರಕರ ಸದ್ದು ಬಂದರೆ ಗೇರ್‌ಬಾಕ್ಸಿನ ಒಳಗಣ ಕೆಲಸವಿದೆ, ಅದು ಅಗ್ಗದ ಕೆಲಸವಲ್ಲ.

ನಮ್ಮ ಚಿಕ್ಕ ಕಾರುಗಳಲ್ಲಿ ಬಹುತೇಕ ಎಲ್ಲವೂ ಮುಂಗಾಲಿಗಳಿಂದ ಎಳೆಸಿಕೊಳ್ಳುವಂಥವು. ಆ ಗಾಲಿಗಳಿಗೆ ಶಕ್ತಿಯನ್ನು ಒಯ್ಯುವ ಎಕ್ಸೆಲ್ಲಿನ ಕೀಲುಗಳನ್ನು ರಬ್ಬರಿನ ಬೂಟುಗಳು ಕಾಯುತ್ತವೆ. ಕಲ್ಲಿನ ದಾರಿಯಲ್ಲಿ ಬೂಟು ಹರಿದರೆ ಗ್ರೀಸು ಹೊರಬಿದ್ದು ಧೂಳು ಒಳಹೋಗುತ್ತದೆ. ಸ್ಟೇರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ, ಮೆಲ್ಲಗೆ ಸುತ್ತು ಹೊಡೆಸಿರಿ, ಬಳಿಕ ಇನ್ನೊಂದು ಬದಿಗೆ. ಟಕಟಕ ಸದ್ದು ಕೇಳಿದರೆ ಆ ಕೀಲು ಹೋಗಿದೆ. ಶಾಕ್ ಅಬ್ಸಾರ್ಬರಿನ ಪರೀಕ್ಷೆಗೆ ಕಾರಿನ ಒಂದೊಂದು ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟರೆ, ಅದು ಒಮ್ಮೆ ಎದ್ದು ನಿಲ್ಲಬೇಕು, ತೂಗಾಡಬಾರದು. ಆದರೆ ಲೋವರ್ ಆರ್ಮಿನ ಬುಷ್ಷುಗಳು, ಲಿಂಕ್ ರಾಡುಗಳು, ಸ್ಟೇರಿಂಗ್ ಬಾಕ್ಸು ಇವುಗಳ ಸವೆತ ನಿಂತಲ್ಲಿ ತಿಳಿಯುವುದಿಲ್ಲ. ಡಾಂಬರಿಲ್ಲದ ಹಳ್ಳಿಯ ದಾರಿಯಲ್ಲಿ, ಟೇಪಿನ ಹಾಡನ್ನು ನಿಲ್ಲಿಸಿ, ಗಾಜನ್ನು ಇಳಿಸಿ, ನಿಧಾನವಾಗಿ ಓಡಿಸಿದರೆ ತಾವಾಗಿ ನುಡಿಯುತ್ತವೆ. ಮಾರುವವರು ಹೆದ್ದಾರಿಗೇ ಕರೆದೊಯ್ಯಲು ಇಚ್ಛಿಸಿದರೆ, ಅಲ್ಲಿಗೂ ಹೋಗಿ, ಹಳ್ಳಿಯ ದಾರಿಗೂ ಹೋಗಬೇಕು. ಟೈರುಗಳನ್ನು ನೋಡುವಾಗ ಒಳಅಂಚಿನ ಮೇಲೆ ಕೈಯಾಡಿಸಿರಿ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಅಥವಾ ಕೆಳಗಿನ ಉಕ್ಕೇ ಬಾಗಿದೆ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ: 3219 ಎಂದಿದ್ದರೆ 2019ರ 32ನೆಯ ವಾರದಲ್ಲಿ ತಯಾರಾದುದು. ಇಪ್ಪತ್ತೈದು ಸಾವಿರ ಕಿಲೋಮೀಟರ್ ಮಾತ್ರ ಓಡಿದೆಯೆಂದು ಮೀಟರು ಹೇಳುವ ಕಾರಿನ ನಾಲ್ಕೂ ಟೈರುಗಳು ಮೂಲದವಲ್ಲದಿದ್ದರೆ, ಮೀಟರನ್ನು ನಂಬುವ ಮೊದಲು ಪೆಡಲ್ಲಿನ ರಬ್ಬರನ್ನೂ, ಸ್ಟೇರಿಂಗಿನ ನುಣುಪನ್ನೂ, ಸರ್ವಿಸಿನ ದಾಖಲೆಯನ್ನೂ ಹೋಲಿಸಿ ನೋಡುವುದು ವಿವೇಕ.

ಇನ್ನು ನೀರು ಹೊಕ್ಕ ಕಾರುಗಳ ವಿಷಯ. 2020ರ ಅಕ್ಟೋಬರ್ ತಿಂಗಳಲ್ಲಿ ಹೈದರಾಬಾದ್ ನಗರದಲ್ಲಿ ಸುರಿದ ಮಹಾವೃಷ್ಟಿಗೆ ಬಡಾವಣೆಗಳು ಜಲಮಯವಾಗಿ, ಕಾರುಗಳು ಬೀದಿಯ ಪ್ರವಾಹದಲ್ಲಿ ಕೊಚ್ಚಿಹೋದುದನ್ನು ನಾವೆಲ್ಲ ಕಂಡೆವು. ಅದೇ ತಿಂಗಳಲ್ಲಿ ಭೀಮೆಯೂ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳನ್ನು ಆವರಿಸಿದಳು. ನೀರಿನಲ್ಲಿ ಮುಳುಗಿದ ಕಾರನ್ನು ತೊಳೆದು ಒಣಗಿಸಿದರೆ ಹೊರಗಿನಿಂದ ಗುರುತು ಸಿಗುವುದಿಲ್ಲ. ಆದರೆ ವಿದ್ಯುತ್ ಸಂಧಿಗಳಲ್ಲಿ ಹಿಡಿದ ಕಿಲುಬು ಆರು ತಿಂಗಳಿಗೊ ವರ್ಷಕ್ಕೊ ಒಂದೊಂದಾಗಿ ಉಪದ್ರವವನ್ನು ಆರಂಭಿಸುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿರಿ: ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿಯನ್ನು ಎತ್ತಿ ಅದರ ಗುಳಿಯನ್ನು, ಸೀಟಿನಡಿಯ ಹಳಿಗಳನ್ನು, ಫ್ಯೂಸಿನ ಪೆಟ್ಟಿಗೆಯನ್ನು ನೋಡಿರಿ. ನೆಲಹಾಸಿನ ಮೂಲೆಯನ್ನು ಎತ್ತಿ ವಾಸನೆಯನ್ನು ಹಿಡಿಯಿರಿ. ಸುಗಂಧದ ಶೀಶೆಗಳು ಅಗತ್ಯಕ್ಕಿಂತ ಹೆಚ್ಚು ಇರುವ ಕಾರಿನಲ್ಲಿ ಇದನ್ನು ಮರೆಯದೆ ಮಾಡಬೇಕು. ಕೀಲಿಯನ್ನು ಸ್ಟಾರ್ಟಿಗೆ ಮುಂಚಿನ ‘ಆನ್’ ಹಂತಕ್ಕೆ ತಿರುಗಿಸಿದಾಗ ಎಂಜಿನ್, ಆಯಿಲ್, ಬ್ಯಾಟರಿ, ಏರ್ ಬ್ಯಾಗ್ ಇವುಗಳ ದೀಪಗಳೆಲ್ಲ ಒಮ್ಮೆ ಹೊತ್ತಿ, ಸ್ಟಾರ್ಟ್ ಆದ ಬಳಿಕ ಆರಬೇಕು. ಆರದಿದ್ದರೆ ದೋಷವಿದೆ, ಹೊತ್ತಲೇ ಇಲ್ಲದಿದ್ದರೆ ದೋಷವನ್ನು ಅಡಗಿಸಿರಬಹುದು, ಇದು ಇನ್ನೂ ಕೆಟ್ಟದು.

ಅಪಘಾತದ ಗುರುತುಗಳನ್ನು ಬಣ್ಣದಲ್ಲಿ ಹುಡುಕುವುದಕ್ಕಿಂತ ಬಾಗಿಲಿನ ರಬ್ಬರ್ ಬೀಡಿಂಗನ್ನು ಸ್ವಲ್ಪ ಎಳೆದು, ಅದರಡಿಯಲ್ಲಿ ಕಾರ್ಖಾನೆಯ ಬೆಸುಗೆಯ ದುಂಡು ಗುಳಿಗಳು ಸಮಾನ ಅಂತರದಲ್ಲಿ ಇವೆಯೆ ಎಂದು ನೋಡುವುದು ಮೇಲು. ಬಾನೆಟ್ಟಿನ ಬೋಲ್ಟುಗಳ ತಲೆಯ ಬಣ್ಣ ಕಿತ್ತಿದ್ದರೆ ಅವನ್ನು ಯಾರೋ ಬಿಚ್ಚಿದ್ದಾರೆ. ತೆಳು ಬಟ್ಟೆಯಲ್ಲಿ ಸುತ್ತಿದ ಚಿಕ್ಕ ಅಯಸ್ಕಾಂತವು ತಗಡಿಗೆ ಅಂಟಿ, ಪುಟ್ಟಿ ತುಂಬಿದ ಜಾಗದಲ್ಲಿ ಜಾರುತ್ತದೆ. ಬಾಗಿಲಿಗೆ ಬಿದ್ದ ಸಣ್ಣ ಪೆಟ್ಟು ಕಾರನ್ನು ಕೆಡಿಸದು. ಮುಂದಿನ ಏಪ್ರನ್ನಿಗೂ ಛಾವಣಿಯನ್ನು ಹೊತ್ತ ಕಂಬಗಳಿಗೂ ಬಿದ್ದ ಪೆಟ್ಟನ್ನು ಎಷ್ಟೇ ತಿದ್ದಿದರೂ ಮನೆಮಂದಿಯನ್ನು ಕೂರಿಸುವ ವಾಹನವಾಗಿ ಆ ಕಾರನ್ನು ನಾನು ಒಪ್ಪಲಾರೆ.

ಕಾಗದಪತ್ರಗಳ ವಿಷಯ ಬೇರೊಂದು ಭಾಷಣಕ್ಕೆ ಸಾಕಾಗುವಷ್ಟಿದೆ. ಎಂಜಿನ್ ಮತ್ತು ಚಾಸಿಸಿನ ಸಂಖ್ಯೆಗಳನ್ನು ಆರ್‌ಸಿಯೊಡನೆ ತಾಳೆ ನೋಡಬೇಕೆಂಬುದನ್ನೂ, ಗ್ಯಾಸ್ ಕಿಟ್ ಇದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕೆಂಬುದನ್ನೂ, ಸೊಲ್ಲಾಪುರದಿಂದಲೊ ಹೈದರಾಬಾದಿನಿಂದಲೊ ತಂದ ಕಾರಿಗೆ ಆ ರಾಜ್ಯದ ನಿರಾಕ್ಷೇಪಣಾ ಪತ್ರವೂ ನಮ್ಮ ರಾಜ್ಯದ ಜೀವಾವಧಿ ತೆರಿಗೆಯೂ ಬೇಕಾಗುವುದರಿಂದ ಅಲ್ಲಿನ ಅಗ್ಗ ಇಲ್ಲಿ ಅಗ್ಗವಾಗಿ ಉಳಿಯದೆಂಬುದನ್ನೂ ಮಾತ್ರ ಇಲ್ಲಿ ನೆನಪಿಸುತ್ತೇನೆ. ಮಾರುವವರೂ ಕೇಳಿರಿ: ದಾಖಲೆಯಲ್ಲಿ ಯಾರ ಹೆಸರಿದೆಯೊ ಅಪಘಾತದ ಹೊಣೆ ಅವರದೇ ಎಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಹೆಸರು ವರ್ಗಾಯಿಸದೆ ಕೀಲಿಕೈ ಕೊಟ್ಟವರು ಹೊಣೆಯನ್ನು ತಮ್ಮ ಬಳಿಯೇ ಇಟ್ಟುಕೊಂಡಿರುತ್ತಾರೆ.

ನಾನು ಹೇಳಿದುದನ್ನೆಲ್ಲ ಪ್ರತಿಯೊಬ್ಬರೂ ತಾವೇ ಮಾಡಬಲ್ಲರೆಂದು ನಾನು ತಿಳಿದಿಲ್ಲ. ಜೇವರ್ಗಿಯಲ್ಲಿ, ಯಡ್ರಾಮಿಯಲ್ಲಿ, ಕಲಬುರಗಿಯಲ್ಲಿ ವರ್ಷಗಟ್ಟಲೆ ಇವೇ ಕಾರುಗಳ ಹೊಟ್ಟೆಯನ್ನು ಬಿಚ್ಚಿ ಜೋಡಿಸಿದ ಮಿಸ್ತ್ರಿಗಳಿದ್ದಾರೆ. ನಮ್ಮಲ್ಲಿ ಕಾರು ನೋಡಲು ಭಾವನನ್ನು, ಮಾವನನ್ನು, ಸ್ನೇಹಿತರನ್ನು ಕರೆದೊಯ್ಯುವ ಸಂಪ್ರದಾಯವಿದೆಯೇ ಹೊರತು ಮಿಸ್ತ್ರಿಗೆ ದಿನದ ಕೂಲಿ ಕೊಟ್ಟು ಕರೆದೊಯ್ಯುವ ಪದ್ಧತಿ ಇನ್ನೂ ಬೇರೂರಿಲ್ಲ. ಚಹಾ ಕುಡಿಸಿ ಅಭಿಪ್ರಾಯ ಕೇಳುವುದು ಆ ವಿದ್ಯೆಗೆ ಸಲ್ಲುವ ಗೌರವವಲ್ಲ. ಮಾರುವವರ ಪರಿಚಯವಿಲ್ಲದ, ದಲಾಲಿಯ ಹಂಗಿಲ್ಲದ ಒಬ್ಬ ಮಿಸ್ತ್ರಿಯನ್ನು ಗೊತ್ತುಮಾಡಿಕೊಂಡು, ಕೂಲಿಯನ್ನು ಮೊದಲೇ ನಿಗದಿಪಡಿಸಿ, ಮುಂಜಾನೆ ಕಾರು ತಣ್ಣಗಿರುವಾಗಲೇ ಹೋಗಿರಿ. ಆತ ಬೇಡವೆಂದ ಕಾರಿಗೆ, ಅದರ ಬಣ್ಣ ಮನೆಯವರಿಗೆಲ್ಲ ಎಷ್ಟೇ ಮೆಚ್ಚಿಗೆಯಾಗಿದ್ದರೂ, ಮುಂಗಡ ಕೊಡಬೇಡಿರಿ.